ಸಂಕ ಹಾಕಿದವರಿಗೇ ನೋಟಿಸು

ತೀರ್ಥಹಳ್ಳಿ ಕಡೆಯ ನಮ್ಮೂರಿನ ಹಳ್ಳಕ್ಕೆ ಪ್ರತಿ ವರ್ಷ ಮಳೆ ಹಿಡಿಯುವ ಮುಂಚೆ ಮೇಲಿನಮನೆ ಮಾವ ಕಾಲುಸಂಕ ಹಾಕುತ್ತಾರೆ. ನಾಲ್ಕು ಅಡಿಕೆ ಮರ, ಒಂದಿಷ್ಟು ಬಳ್ಳಿ, ಕೈ ಹಿಡಿಯಲು ಬಿದಿರು. ದಾಟುವುದು ಊರಿಗೆ ಊರೇ. ಶಾಲೆ ಮಕ್ಕಳು, ಡೈರಿಗೆ ಹಾಲು ಒಯ್ಯುವವರು, ಓಟು ಕೇಳುವವರು. ಐದನೇ ಮರ ಹೊತ್ತು ತಂದವರು ಮಾತ್ರ ಯಾರೂ ಇಲ್ಲ. ಸಂಕ ಅಲ್ಲಾಡಿದರೆ ಸಾಕು, ಮಾವನ ಮನೆ ದಾರಿ ಎಲ್ಲರಿಗೂ ನೆನಪಾಗುತ್ತದೆ.

ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ಪುಕ್ಕಟೆ ಬಳಸಿ, ತಿದ್ದಬಹುದಾದ ತಂತ್ರಾಂಶದ್ದೂ ಇದೇ ಕಥೆ. ಜಗತ್ತಿನ ಬ್ಯಾಂಕು, ಅಂಗಡಿಗಳ ಗುಟ್ಟು ಕಾಯುತ್ತಿದ್ದ ಓಪನ್‌ಎಸ್‌ಎಸ್‌ಎಲ್ ಎಂಬ ಇಂಥದೇ ತಂತ್ರಾಂಶದಲ್ಲಿ 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ತೂತು ಕಂಡಿತು. ಆಗ ಗೊತ್ತಾಯಿತು, ಅದಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಅಂತೆ. ನಮ್ಮೂರ ಗಣಪತಿ ಚಂದಾ ಇದಕ್ಕೆ ಸೆಡ್ಡು ಹೊಡೆಯುತ್ತದೆ.

ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಅವರ ಪಾಡು ಇನ್ನೂ ಚಂದ. ಅವರು 1998ರಿಂದ ನೋಡಿಕೊಳ್ಳುತ್ತಿರುವ, ಇಂಟರ್ನೆಟ್ಟಿನಲ್ಲಿ ಮಾಹಿತಿ ಸಾಗಿಸುವ ಕರ್ಲ್ ಎಂಬ ತಂತ್ರಾಂಶ ಫೋನು, ಟೀವಿ, ಕಾರುಗಳ ಒಳಗೆಲ್ಲ ಕೂತಿದೆ. 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಎಂಬ ಬೇರೆಯೇ ತಂತ್ರಾಂಶ ಕೈಕೊಟ್ಟಿತು. ಮುಂದಿನ ತಿಂಗಳು ದೊಡ್ಡ ಕಂಪನಿಯೊಂದು ಇವರಿಗೆ ಪತ್ರ ಬರೆಯಿತು: 24 ಗಂಟೆಯಲ್ಲಿ ಉತ್ತರ ಕೊಡಿ! ಪಕ್ಕದೂರಿನ ಸಂಕ ಮುರಿದದ್ದಕ್ಕೆ ನಮ್ಮ ಮಾವನಿಗೆ ನೋಟಿಸು. ಒಪ್ಪಂದ ಮಾಡಿಕೊಳ್ಳಿ, ಆಮೇಲೆ ಸಂತೋಷವಾಗಿ ಉತ್ತರಿಸುತ್ತೇನೆ ಎಂದರು ಸ್ಟೆನ್‌ಬರ್ಗ್.

ಪುಕ್ಕಟೆ ದುಡಿಯುವುದೇಕೆ ಎಂದು ಅರ್ಥಶಾಸ್ತ್ರಜ್ಞರೂ ತಲೆ ಕೆಡಿಸಿಕೊಂಡಿದ್ದಾರೆ. ಕೆಲಸ ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ, ಮುಂದೆ ಒಳ್ಳೆ ನೌಕರಿ ಸಿಗುತ್ತದೆ ಎಂದು ಲರ್ನರ್ ಮತ್ತು ಟಿರೋಲ್ 2002ರಲ್ಲಿ ಬರೆದರು. ಟಿರೋಲ್‌ಗೆ ಮುಂದೆ ನೊಬೆಲ್ಲೂ ಬಂತು. ಇರಬಹುದು. ಮಾವನಿಗೆ ಎಪ್ಪತ್ತು ದಾಟಿದೆ, ಯಾವ ನೌಕರಿಯೋ ಕಾಣೆ. ಹಳ್ಳದಾಚೆ ಅವರದೇ ತೋಟ ಇದೆ, ಅಷ್ಟೇ.

ಕಂಪ್ಯೂಟರನ್ನೇ ನಡೆಸುವ ಲಿನಕ್ಸ್‌ ತಂತ್ರಾಂಶದಂಥ ಹೆದ್ದಾರಿ ಸೇತುವೆಗಾದರೆ ಕಂಪನಿಗಳೇ ಸಂಬಳದ ಆಳು ಕಳಿಸುತ್ತವೆ. ಅಲ್ಲಿ ಅವರ ಲಾರಿ ಓಡಬೇಕಲ್ವಾ? ಸಣ್ಣ ಸಂಕಗಳಿಗೆ ಮಾತ್ರ ಮಾವಂದಿರೇ ಗತಿ. ಮಲೆನಾಡಲ್ಲಿ ಮುಯ್ಯಾಳು ಅಂತಾರೆ: ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಕಂಪನಿಗಳಿಗೆ ಇದರಲ್ಲಿ ಅರ್ಧ ಮಾತ್ರ ಕೇಳಿಸಿದೆ. ನಾನೇನು ಸಾಚಾ ಅಲ್ಲ. ಇದನ್ನು ಟೈಪ್ ಮಾಡಿದ್ದೂ ಬಿಟ್ಟಿ ಫಾಂಟಿನಲ್ಲೇ.

ಮೊನ್ನೆ ಬೆಂಗಳೂರಿನ ನಮ್ಮ ಸಾಫ್ಟ್‌ವೇರ್ ಹುಡುಗ ಬಂದಿದ್ದ. ಸಂಕದ ನಡುವೆ ನಿಂತು ಕೂಗಿದ: "ಅಜ್ಜಾ, ಇದಕ್ಕೆ ಸೇಫ್ಟಿ ಸರ್ಟಿಫಿಕೇಟ್ ಇದ್ಯಾ?"

"ಇಲ್ಲ ಮಾರಾಯ. ಕತ್ತಿ ಇದೆ. ಈಚೆ ಬಾ, ಬಳ್ಳಿ ಕಡಿಯೋದಿದೆ."

ಅವನು ಆಚೆಗೇ ದಾಟಿದ.