ಅದು ಬರೀ ಗುಂಡಿ ಅಲ್ಲ

ನಿನ್ನೆಯಿಂದ ಮನಸ್ಸು ಸರಿಯಿಲ್ಲ. ಬರೆಯದೆ ಇರೋಕೆ ಆಗುತ್ತಿಲ್ಲ.

ಇಲ್ಲಿ ಅಮೆರಿಕದಲ್ಲಿ ಗೆಳೆಯರೆಲ್ಲ ಸೇರಿ ವರ್ಜೀನಿಯಾದ ಫ್ರೆಡರಿಕ್ಸ್‌ಬರ್ಗ್‌ಗೆ ಹೋಗಿದ್ದೆವು. ಅಮೆರಿಕದ ಅಂತರ್ಯುದ್ಧದಲ್ಲಿ, 1862ರ ಡಿಸೆಂಬರ್‌ನಲ್ಲಿ, ಗುಲಾಮಗಿರಿ ಬಿಡದ ದಕ್ಷಿಣದವರ ವಿರುದ್ಧ ಹೋರಾಡುತ್ತಿದ್ದ ಉತ್ತರದ ಸೈನಿಕರು ಸಾಲುಸಾಲಾಗಿ ಉರುಳಿದ ಕಲ್ಲುಗೋಡೆ ಅಲ್ಲಿದೆ. ಎಲ್ಲರೂ ಫೋಟೋ ತೆಗೆಸಿಕೊಂಡರು. ಆಮೇಲೆ ನಾನೇ ಹಟ ಮಾಡಿ ನದಿಯಾಚೆಯ ಸ್ಟಾಫರ್ಡ್‌ಗೆ ಕರೆದುಕೊಂಡು ಹೋದೆ. ಸೋತ ಸೈನ್ಯ ಚಳಿಗಾಲ ಕಳೆದದ್ದು ಅಲ್ಲೇ. ಈಗ ಕಾಡು. ಗುಡಿಸಲು ಹಾಕಿದ್ದ ಕಡೆ ನೆಲ ತಗ್ಗಾಗಿದೆ, ಅಷ್ಟೇ. "ಇಲ್ಲೇನಿದೆ ಮಾರಾಯ, ಬರೀ ಗುಂಡಿ" ಅಂದರು ಒಬ್ಬರು. ಐದು ನಿಮಿಷಕ್ಕೆ ಎಲ್ಲರೂ ಕಾರು ಹತ್ತಿದರು.

ಬರೀ ಗುಂಡಿಯಾ? ಮೂರು ನಾಲ್ಕು ಹುಡುಗರು ಆ ಗುಂಡಿ ತೋಡಿ, ಸುತ್ತ ದಿಮ್ಮಿ ಜೋಡಿಸಿ, ಮೇಲೆ ಟೆಂಟಿನ ಬಟ್ಟೆ ಹೊದೆಸಿ ಬದುಕಿದ್ದರು. ತಿನ್ನಲು ಹಾರ್ಡ್‌ಟ್ಯಾಕ್, ಅಂದರೆ ಹಿಟ್ಟು ನೀರು ಕಲಸಿ ಸುಟ್ಟ ಬಿಸ್ಕತ್ತು. ಹಲ್ಲಿಗೆ ಬಗ್ಗದು. ಬಿಸಿ ಕಾಫಿಯಲ್ಲಿ ಅದ್ದಿದರೆ ಒಳಗಿನ ಹುಳ ಮೇಲೆ ತೇಲುತ್ತಿತ್ತು. ಹುಳ ತೆಗೆದೆಸೆದು ಕುಡಿಯುತ್ತಿದ್ದರು. ತಿಂಗಳಿಗೆ 13 ಡಾಲರ್ ಸಂಬಳ, ಅದೂ ಎಷ್ಟೋ ಜನಕ್ಕೆ ತಿಂಗಳುಗಟ್ಟಲೆ ಬಂದಿರಲಿಲ್ಲ. ಮನೆಯಲ್ಲಿ ಹೆಂಡತಿ ಮಕ್ಕಳು ಕಾಯುತ್ತಿದ್ದರು.

ಜನವರಿಯಲ್ಲಿ ಮತ್ತೆ ಯುದ್ಧಕ್ಕೆ ಅಂತ ಹೊರಡಿಸಿದರು. ಮಳೆ ಹಿಡಿಯಿತು. ಫಿರಂಗಿಗಳು ಕೆಸರಲ್ಲಿ ಹೂತುಹೋದವು. ಯುದ್ಧ ಮಾಡದೆ ಅದೇ ಗುಡಿಸಲಿಗೆ ವಾಪಸ್. ಆ ವಾಪಸ್ ಬಂದ ರಾತ್ರಿ ಹೇಗಿದ್ದಿರಬಹುದು ಅಂತ ಯಾರಾದರೂ ಯೋಚಿಸುತ್ತಾರಾ?

"ಆದರೆ ಗುಲಾಮಗಿರಿ ಹೋಗಿದ್ದು ಕೊನೆಗೆ ಉತ್ತರದವರು ಯುದ್ಧ ಗೆದ್ದದ್ದರಿಂದ ತಾನೇ?" ಅಂತ ಕಾರಿನಲ್ಲಿ ಗೆಳೆಯರು ಕೇಳಿದರು. ಹೌದು. ಗೆಲ್ಲಲೇಬೇಕಿತ್ತು. ಆದರೆ ಗೆಲ್ಲೋಕೆ ಮೊದಲು ಬದುಕಿರಬೇಕಲ್ವಾ? ಆ ಯುದ್ಧದಲ್ಲಿ ಸತ್ತವರು ಸುಮಾರು 6,20,000 ಅನ್ನುವುದು ಹಳೆಯ ಲೆಕ್ಕ. ಮೂವರಲ್ಲಿ ಇಬ್ಬರನ್ನು ಕೊಂದದ್ದು ಗುಂಡಲ್ಲ, ರೋಗ. ಭೇದಿ, ಟೈಫಾಯ್ಡ್, ದಡಾರ. ಕುಡಿಯುವ ನೀರಿನ ಪಕ್ಕದಲ್ಲೇ ಕಕ್ಕಸು ಗುಂಡಿ. ಅವರಿಗೆ ಕಲ್ಲುಗೋಡೆ ಇಲ್ಲ, ಫೋಟೋ ಇಲ್ಲ.

ಜನವರಿ ಕೊನೆಗೆ ಹೂಕರ್ ಅನ್ನುವವನು ಈ ಸೈನ್ಯಕ್ಕೆ ಸೇನಾಪತಿಯಾಗಿ ಬಂದ. ಮೊದಲು ಮಾಡಿದ್ದೇನು ಗೊತ್ತಾ? ಮೆತ್ತನೆ ಬ್ರೆಡ್ಡು, ಈರುಳ್ಳಿ, ಆಲೂಗಡ್ಡೆ ಕೊಡಿಸಿದ. ಸರದಿಯಲ್ಲಿ ಊರಿಗೆ ರಜೆ ಕೊಟ್ಟ. ಶಿಬಿರ ಗುಡಿಸಿಸಿದ. ಸೊರಗಿದ್ದ ಸೈನ್ಯ ಎದ್ದು ಕೂತಿತು. ಮುಂದಿನ ಯುದ್ಧದಲ್ಲಿ ಅವನು ಸೋತ, ಅದು ಬೇರೆ ಮಾತು. ಆ ಈರುಳ್ಳಿಗಾಗಿ ನನಗೆ ಅವನ ಮೇಲೆ ಗೌರವ.

ನನಗೇಕೆ ಇಷ್ಟು ಸಿಟ್ಟು ಅಂತ ರಾತ್ರಿ ಮಲಗಿದಾಗ ಹೊಳೆಯಿತು. ಅಪ್ಪ ಹದಿನೇಳು ವರ್ಷ ಮಿಲ್ಟ್ರಿಯಲ್ಲಿದ್ದವರು. ರಜೆಗೆ ಬಂದಾಗಲೆಲ್ಲ ನಾನು ಕೇಳುತ್ತಿದ್ದದ್ದು ಒಂದೇ. "ಅಪ್ಪಾ, ಎಷ್ಟು ಜನರನ್ನ ಹೊಡೆದ್ರಿ?" ಅವರು ಸುಮ್ನೆ ಟ್ರಂಕು ಬಿಚ್ಚುತ್ತಿದ್ದರು. ನಾನೂ ಗುಂಡಿ ನೋಡದೆ ಗೋಡೆ ಹುಡುಕಿದವನೇ.

ಬೆಳಿಗ್ಗೆ ಊರಿಗೆ ಫೋನ್ ಮಾಡಿದೆ. "ಅಪ್ಪಾ, ಲಡಾಖ್‌ನಲ್ಲಿ ಊಟಕ್ಕೆ ಏನು ಕೊಡ್ತಿದ್ರು?" ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಶುರು ಮಾಡಿದರು. ಚಳಿಗೆ ಮೊಟ್ಟೆ ಕಲ್ಲಾಗಿರುತ್ತಿತ್ತಂತೆ. ಟೆಂಟಿನ ನಡುವೆ ಬುಖಾರಿ ಒಲೆ, ಅದರ ಹೊಗೆಗೆ ಎಲ್ಲರ ಮೂಗೂ ಕಪ್ಪು. ಅಮ್ಮನ ಕಾಗದ ಬಂದರೆ ಪಕ್ಕದ ಮಂಚದ ಓದು ಬಾರದವನಿಗೂ ಅದನ್ನೇ ಓದಿ ಹೇಳುತ್ತಿದ್ದರಂತೆ. ಅವನ ಮನೆಯಿಂದ ಕಾಗದ ಬರುತ್ತಿರಲಿಲ್ಲವಂತೆ.