ರಾವ್ ಅವರು ಅಲೆಯ ಬೆನ್ನು ಹತ್ತಿದವರಲ್ಲ

ರಸಾಯನವಿಜ್ಞಾನಿ ಪ್ರೊ. ಸಿ.ಎನ್.ಆರ್. ರಾವ್ ಅವರು 1987ರಲ್ಲಿ ಅತಿವಾಹಕತೆಯ (ಬಹಳ ತಂಪಿನಲ್ಲಿ ಕೆಲವು ವಸ್ತುಗಳು ತಡೆಯೇ ಇಲ್ಲದೆ ವಿದ್ಯುತ್ ಹರಿಸುವ ಗುಣ) ಅಲೆ ಎದ್ದಾಗ ಆ ಕ್ಷೇತ್ರಕ್ಕೆ ಧುಮುಕಿದರು ಎಂದು ಅವರ ಕುರಿತ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ಇದನ್ನು ನಾನು ಒಪ್ಪಲಾರೆ. ವಿಜ್ಞಾನಿಗಳಾದ ಬೆಡ್ನೋರ್ಜ್ ಮತ್ತು ಮುಲ್ಲರ್ 1986ರಲ್ಲಿ ಹೊಸದೊಂದು ಅತಿವಾಹಕ ವಸ್ತುವಿನಿಂದ ಜಗತ್ತನ್ನೇ ಬೆರಗುಗೊಳಿಸಿದರಲ್ಲ, ಆ ವಸ್ತುವಿನ ಮೂಲ ಲ್ಯಾಂಥನಮ್ ಮತ್ತು ತಾಮ್ರದ ಆಕ್ಸೈಡು. ಅದೇ ಆಕ್ಸೈಡಿನ ವಿದ್ಯುತ್ ಗುಣಗಳನ್ನು ರಾವ್ ಅವರ ತಂಡ 1970ರ ದಶಕದಲ್ಲೇ ಅಳೆದಿತ್ತು. ಕಾನ್ಪುರದ ಐಐಟಿಯಿಂದ 1976ರಲ್ಲಿ ಬೆಂಗಳೂರಿಗೆ ಮರಳಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಘನಸ್ಥಿತಿ ರಸಾಯನಶಾಸ್ತ್ರದ ವಿಭಾಗ ಕಟ್ಟಿದಾಗಲೂ ಅವರ ಗಮನವಿದ್ದದ್ದು ಇಂಥ ಲೋಹದ ಆಕ್ಸೈಡುಗಳ ಮೇಲೆಯೇ. ಅಲೆ ಬಂದಾಗ ಅವರು ಆಗಲೇ ನೀರಿನಲ್ಲಿದ್ದರು.

ಕಾಲೇಜೊಂದರಲ್ಲಿ ಹಲವು ವರ್ಷ ರಸಾಯನಶಾಸ್ತ್ರ ಕಲಿಸಿದವನು ನಾನು. ಇಂಥ ಅತಿವಾಹಕ ಆಕ್ಸೈಡು ಮಾಡುವುದು ತಾಳ್ಮೆಯ ಕೆಲಸ: ಯಿಟ್ರಿಯಮ್, ಬೇರಿಯಮ್, ತಾಮ್ರದ ಸಂಯುಕ್ತಗಳ ಪುಡಿಗಳನ್ನು ಖಲ್ಬತ್ತಿನಲ್ಲಿ ಅರೆದು, ಬಿಲ್ಲೆ ಒತ್ತಿ, 900 ಡಿಗ್ರಿ ದಾಟಿದ ಕುಲುಮೆಯಲ್ಲಿ ಸುಟ್ಟು, ಆಮ್ಲಜನಕದಲ್ಲಿ ನಿಧಾನವಾಗಿ ಆರಿಸಬೇಕು. ಅವಸರ ಮಾಡಿದರೆ ಆಮ್ಲಜನಕ ಸಾಲದೆ ಬಿಲ್ಲೆ ಕೆಡುತ್ತದೆ. ಮತ್ತೆ ಅರೆಯಬೇಕು, ಮತ್ತೆ ಸುಡಬೇಕು. ಕೊನೆಗೊಂದು ದಿನ ಥರ್ಮೋಕೋಲ್ ಲೋಟದ ದ್ರವ ಸಾರಜನಕದಲ್ಲಿ ಆ ಕಪ್ಪು ಬಿಲ್ಲೆಯ ಮೇಲೆ ಪುಟ್ಟ ಅಯಸ್ಕಾಂತ ತೇಲಿ ನಿಂತಾಗ ಮಕ್ಕಳು ಉಸಿರು ಬಿಗಿಹಿಡಿದು ನೋಡಿದ್ದನ್ನು ನಾನು ಮರೆತಿಲ್ಲ.

ಪ್ರಶಸ್ತಿಗಳ ಪಟ್ಟಿಗೆ ಅರ್ಧ ಪುಟ ಕೊಟ್ಟಿರುವ ಲೇಖಕರು ರಾವ್ ಅವರ ಹತ್ತಾರು ವರ್ಷಗಳ ಆಕ್ಸೈಡಿನ ಕೆಲಸಕ್ಕೆ ಒಂದು ಪ್ಯಾರಾವನ್ನಾದರೂ ಕೊಡಬೇಕಿತ್ತು.