ಆ ಟಿಕ್ ಹಾಕಿದ್ದು ನಾನಲ್ಲ

ನಿನ್ನೆ ರಾತ್ರಿ ಅಮ್ಮನಿಗೆ ಒಂದು ಜೊತೆ ಚಪ್ಪಲಿ ಆರ್ಡರ್ ಮಾಡಲು ಕೂತೆ. ಐದು ನಿಮಿಷದ ಕೆಲಸ ಅಂದುಕೊಂಡಿದ್ದೆ. ಮುಕ್ಕಾಲು ಗಂಟೆ ಹಿಡಿಯಿತು. ಸಿಟ್ಟು ಇನ್ನೂ ಇಳಿದಿಲ್ಲ.

ಚಪ್ಪಲಿ ಆರಿಸಿ ಕಾರ್ಟ್‌ಗೆ ಹಾಕುವವರೆಗೆ ಎಲ್ಲ ಸಲೀಸು. ದುಡ್ಡು ಕಟ್ಟುವ ಹೊತ್ತಿಗೆ ಶುರುವಾಯಿತು ನೋಡಿ. ಮೊದಲು ಲಾಗಿನ್ ಆಗಿ ಅಂದಿತು. ಖಾತೆ ಬೇಡ, ಸುಮ್ನೆ ಕೊಂಡು ಹೋಗುತ್ತೇನೆ ಅನ್ನುವವರಿಗೂ ದಾರಿ ಇತ್ತು. ಆದರೆ ಪುಟದ ತೀರಾ ಕೆಳಗೆ, ತಿಳಿ ಬೂದು ಬಣ್ಣದ ಪುಟ್ಟ ಅಕ್ಷರದಲ್ಲಿ. ವಿಳಾಸ ತುಂಬಿದೆ. ಫೋನ್ ನಂಬರಿನಲ್ಲಿ ಒಂದು ಅಂಕಿ ಬಿಟ್ಟುಹೋಗಿತ್ತು. 'ಏನೋ ತಪ್ಪಾಗಿದೆ' ಅಂದಿತೇ ಹೊರತು ಎಲ್ಲಿ ಅಂತ ಹೇಳಲಿಲ್ಲ. ಹಿಂದಿನ ಪುಟಕ್ಕೆ ಹೋದರೆ ಹೆಸರಿನಿಂದ ಹಿಡಿದು ಎಲ್ಲ ಅಳಿಸಿಹೋಗಿದೆ. ಮೇಲುಗಡೆ ಹತ್ತು ನಿಮಿಷದ ಗಡಿಯಾರ ಬೇರೆ ಓಡುತ್ತಿತ್ತು, ಬೇಗ ಕೊಳ್ಳಿ ಅಂತ. ಪುಟ ರಿಫ್ರೆಶ್ ಮಾಡಿದರೆ ಅದು ಮತ್ತೆ ಹತ್ತರಿಂದಲೇ ಶುರು. ಶುದ್ಧ ಸುಳ್ಳು!

ಇದನ್ನೆಲ್ಲ ಹೇಗೋ ಸಹಿಸಬಹುದು. ತಡೆಯಲಾಗದ್ದು ಕೊನೆಯ ಪುಟ. ಒಟ್ಟು ಮೊತ್ತ ಜಾಸ್ತಿ ಕಾಣಿಸಿತು. ಹುಡುಕಿದರೆ 'ಸುರಕ್ಷಾ ಪ್ಲಾನ್' ಅಂತ ಒಂದು ಬಾಕ್ಸ್, ಅದಕ್ಕೆ ಮೊದಲೇ ಟಿಕ್. ಅದನ್ನು ತೆಗೆದೆ, ತಕ್ಷಣ ಪಾಪ್‌ಅಪ್ ಬಂತು. ದೊಡ್ಡ ಹಸಿರು ಬಟನ್ ಮೇಲೆ 'ಮುಂದುವರಿಸಿ' ಅಂತ ಇದೆ. ಒತ್ತಿದರೆ ಪ್ಲಾನ್ ವಾಪಸ್ ಸೇರಿಕೊಳ್ಳುತ್ತದೆ! ಬೇಡ ಅನ್ನಬೇಕಾದರೆ ಅದರ ಕೆಳಗಿನ 'ನನ್ನ ವಸ್ತು ಹಾಳಾದರೂ ಪರವಾಗಿಲ್ಲ' ಅನ್ನುವ ಸಣ್ಣ ಸಾಲನ್ನು ಒತ್ತಬೇಕು. ಬೇಡ ಅನ್ನುವ ಒಂದು ಪದಕ್ಕೆ ಇಷ್ಟು ಅವಮಾನ ಯಾಕೆ?

ಇದು ಯಾರದೋ ಕೈತಪ್ಪಿನಿಂದ ಆದದ್ದು ಅಂತ ದಯವಿಟ್ಟು ಹೇಳಬೇಡಿ. ಹ್ಯಾರಿ ಬ್ರಿಗ್ನಲ್ ಎಂಬ ಡಿಸೈನರ್ 2010ರಲ್ಲೇ ಇಂಥ ಮೋಸಗಳಿಗೆ 'ಡಾರ್ಕ್ ಪ್ಯಾಟರ್ನ್' ಅಂತ ಹೆಸರಿಟ್ಟು ಪಟ್ಟಿ ಮಾಡಿದ್ದರು. ಮೊದಲೇ ಟಿಕ್ ಹಾಕಿಟ್ಟು ಹೆಚ್ಚಿನ ದುಡ್ಡು ಕೀಳುವಂತಿಲ್ಲ ಅಂತ ಯುರೋಪಿಯನ್ ಒಕ್ಕೂಟ 2011ರಲ್ಲೇ ನಿಯಮ ಮಾಡಿದೆ. ಇಷ್ಟು ವರ್ಷದ ಮೇಲೂ ಇದನ್ನೇ ಮಾಡುತ್ತಾರೆ ಅಂದರೆ ಬೇಕಂತಲೇ ಮಾಡುತ್ತಿದ್ದಾರೆ, ಅಲ್ವಾ?

ನಾನು ಎರಡೆರಡು ಸಲ ಓದಿ ತಪ್ಪಿಸಿಕೊಂಡೆ. ಆಮೇಲೆ ಅನುಮಾನ ಬಂದು ಅಮ್ಮನ ಹಳೆಯ ಆರ್ಡರ್‌ಗಳನ್ನು ತೆಗೆದು ನೋಡಿದೆ. ಅವಳೇ ಮಾಡಿದ ಮೂರು ಆರ್ಡರ್‌ಗಳಲ್ಲೂ ಆ ಪ್ಲಾನ್‌ಗೆ ದುಡ್ಡು ಹೋಗಿದೆ. ಅವಳಿಗೆ ಗೊತ್ತೇ ಇರಲಿಲ್ಲ. ತೋರಿಸಿದಾಗ ಮುಖ ಸಣ್ಣದು ಮಾಡಿಕೊಂಡು, "ನಾನೇ ಏನೋ ತಪ್ಪು ಒತ್ತಿರಬೇಕು ಬಿಡು" ಅಂದಳು.

ಇಲ್ಲಮ್ಮ. ನೀನು ಏನೂ ತಪ್ಪು ಒತ್ತಿಲ್ಲ.